ಅಗಿಯದೆ ನುಂಗಿದ ಮುದ್ದೆ: ಪಾಠವನ್ನು 8 ನಿಮಿಷದ ನಾಟಕವಾಗಿ ಕಟ್ಟುವ ಬಗೆ

ಶಾಲೆಯಲ್ಲಿ ನಾಟಕ ಎಂದಕೂಡಲೇ ವಾರ್ಷಿಕೋತ್ಸವ, ಪ್ರತಿಭಾ ಕಾರಂಜಿ, ಬಾಡಿಗೆ ಬಟ್ಟೆ, ಮೈಕು ನೆನಪಾಗುತ್ತವೆ. ಅದು ಬೇರೆಯೇ ಕೆಲಸ. ಅಲ್ಲಿ ನೋಡುವವರಿಗಾಗಿ ನಾಟಕ, ಇಲ್ಲಿ ಆಡುವವರಿಗಾಗಿ. ತರಗತಿಯ ನಾಟಕವನ್ನು ಯಾರೂ ಬಂದು ನೋಡದಿದ್ದರೂ ನಷ್ಟವಿಲ್ಲ. ಮಕ್ಕಳು ಅದನ್ನು ಕಟ್ಟುವಾಗ ಎಲ್ಲಿ ಎಡವಿದರು, ಎಡವಿದ ಜಾಗದಲ್ಲಿ ಏನು ಮಾತಾಡಿಕೊಂಡರು ಎಂಬುದರಲ್ಲೇ ಕಲಿಕೆ ಇರುವುದು. ಹಾಗಾಗಿ ಪಾಠದ ಸಾಲುಗಳನ್ನು ಮಾತುಗಳಾಗಿ ಹಂಚಿ ಬಾಯಿಪಾಠ ಮಾಡಿಸಿದರೆ ಅದು ನಾಟಕವಾಗುವುದಿಲ್ಲ, ನಿಂತುಕೊಂಡು ಮಾಡಿದ ಗಟ್ಟಿ ಓದು ಅಷ್ಟೇ.

ಎಲ್ಲ ಪಾಠಕ್ಕೂ ನಾಟಕ ಒಗ್ಗದು. ರಾಜಧಾನಿಗಳ ಪಟ್ಟಿ, ಸೂತ್ರ, ಸಂಧಿಯ ನಿಯಮ ಇವಕ್ಕೆ ಬೇರೆ ದಾರಿಗಳಿವೆ. ಒಂದು ವಸ್ತು ಹಂತ ಹಂತವಾಗಿ ಬದಲಾಗುವ ಕಡೆ, ಇಬ್ಬರು ಒಂದೇ ವಿಷಯವನ್ನು ಬೇರೆ ಬೇರೆಯಾಗಿ ನೋಡುವ ಕಡೆ, ಯಾರಾದರೂ ಒಂದು ನಿರ್ಧಾರಕ್ಕೆ ಬರಬೇಕಾದ ಕಡೆ ಮಾತ್ರ ಅದು ಕೆಲಸ ಮಾಡುತ್ತದೆ. ಒಂದು ವಿಷಯಕ್ಕೆ ವರ್ಷಕ್ಕೆ 3 ಅಥವಾ 4 ನಾಟಕ ಸಾಕು. ಅದಕ್ಕಿಂತ ಹೆಚ್ಚಾದರೆ ಪಾಠವೂ ಮುಗಿಯುವುದಿಲ್ಲ, ನಾಟಕದ ಸೊಗಸೂ ಉಳಿಯುವುದಿಲ್ಲ.

ಇಲ್ಲಿ 7ನೇ ತರಗತಿಯ ವಿಜ್ಞಾನದ ಜೀರ್ಣಕ್ರಿಯೆಯನ್ನು ಹಿಡಿದು, 32 ಮಕ್ಕಳಿರುವ ತರಗತಿಯಲ್ಲಿ, 40 ನಿಮಿಷದ 4 ಪಿರಿಯಡ್‌ಗಳಲ್ಲಿ ಒಂದು ನಾಟಕ ಕಟ್ಟುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬೇರೆ ವಿಷಯಗಳಿಗೆ ಏನು ಬದಲಿಸಬೇಕು ಎಂಬುದು ಕೊನೆಯಲ್ಲಿದೆ.

1. ಮೊದಲು ಗಂಟು ಹುಡುಕಿ

ಕಥೆ, ಪಾತ್ರ, ಬಟ್ಟೆ ಯಾವುದನ್ನೂ ಯೋಚಿಸುವ ಮೊದಲು ಮಕ್ಕಳು ಆ ಪಾಠದಲ್ಲಿ ಎಲ್ಲಿ ತಪ್ಪುತ್ತಾರೆ ಎಂದು ತಿಳಿಯಬೇಕು. ಒಂದೇ ಪ್ರಶ್ನೆ ಕೇಳಿ, ಚೀಟಿಯಲ್ಲಿ ಬರೆಸಿ. ಹೆಸರು ಬರೆಯುವುದು ಬೇಡ. ಪ್ರಶ್ನೆ ಇದು: "ರಾತ್ರಿ ಉಂಡ ಮುದ್ದೆ ನಿನ್ನ ರಕ್ತಕ್ಕೆ ಸೇರುವುದು ಎಲ್ಲಿ?" ಬಹುಪಾಲು ಚೀಟಿಗಳಲ್ಲಿ "ಹೊಟ್ಟೆಯಲ್ಲಿ", ಅಂದರೆ ಜಠರದಲ್ಲಿ, ಎಂದಿರುತ್ತದೆ. ಕೆಲವರು ಬಾಯಿ ಎನ್ನುತ್ತಾರೆ, ಏಕೆಂದರೆ ಜೀರ್ಣಕ್ರಿಯೆ ಬಾಯಿಯಲ್ಲಿ ಶುರುವಾಗುತ್ತದೆ ಎಂದು ಓದಿರುತ್ತಾರೆ.

ಈಗ ಎರಡನೇ ಪ್ರಶ್ನೆ. ಹಳೇ ಮೈಸೂರು ಕಡೆಯ ಶಾಲೆಯಾದರೆ ಇದಕ್ಕಿಂತ ಒಳ್ಳೆಯ ಗಂಟು ಸಿಗುವುದಿಲ್ಲ: "ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಆದರೆ ನಾವು ಮುದ್ದೆಯನ್ನು ಅಗಿಯುವುದೇ ಇಲ್ಲ, ನುಂಗುತ್ತೇವೆ. ಹಾಗಾದರೆ ಮುದ್ದೆ ಅರಗುವುದಿಲ್ಲವೇ?" ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನವೇ ನಾಟಕದ ನಡುಮಧ್ಯದ ದೃಶ್ಯ. ಉತ್ತರವನ್ನು ಅವತ್ತೇ ಹೇಳಿಬಿಡಬೇಡಿ.

ಧಾರವಾಡದ ಕಡೆ ಜೋಳದ ರೊಟ್ಟಿ, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ. ಊಟ ಬದಲಾದರೆ ಗಂಟೂ ಬದಲಾಗುತ್ತದೆ. ರೊಟ್ಟಿಯನ್ನು ಅಗಿದೇ ತಿನ್ನಬೇಕು, ಆದ್ದರಿಂದ ಅಲ್ಲಿ "ರೊಟ್ಟಿಯನ್ನು ತುಂಬ ಹೊತ್ತು ಅಗಿದರೆ ಸಿಹಿಯಾಗುವುದೇಕೆ?" ಎಂಬಲ್ಲಿಂದ ಹೊರಡಬಹುದು. ಮಕ್ಕಳ ತಟ್ಟೆಯಲ್ಲಿ ಇಲ್ಲದ ಬ್ರೆಡ್ಡು, ಸ್ಯಾಂಡ್‌ವಿಚ್ಚು ತರಬೇಡಿ.

2. ಪ್ರಯಾಣಿಕರು ಮತ್ತು ಪರಿಕರ

ಮುದ್ದೆ, ಸೊಪ್ಪು, ಹೆಸರುಕಾಳಿನ ಸಾರು, ಮೇಲೊಂದು ಚಮಚ ತುಪ್ಪ. ಇದರಲ್ಲಿ ನಾಲ್ಕು ಪ್ರಯಾಣಿಕರು ಸಿಕ್ಕರು: ಮುದ್ದೆ ಪಿಷ್ಟಕ್ಕೆ, ಕಾಳು ಪ್ರೋಟೀನಿಗೆ, ತುಪ್ಪ ಕೊಬ್ಬಿಗೆ, ಸೊಪ್ಪಿನ ನಾರು ನಾರಿಗೆ. (ರಾಗಿಯಲ್ಲಿ ಪ್ರೋಟೀನೂ ನಾರೂ ಇವೆ. ಅದನ್ನು ಕೊನೆಯ ಚರ್ಚೆಗೆ ಉಳಿಸಿಕೊಳ್ಳಿ.)

ಪ್ರತಿ ಪ್ರಯಾಣಿಕನ ಕೈಯಲ್ಲೂ ಅವನು ಯಾವುದರಿಂದ ಆಗಿದ್ದಾನೆ ಎಂದು ತೋರಿಸುವ ವಸ್ತು ಇರಬೇಕು. ವೇಷ, ಕಿರೀಟ, ಎದೆಗೆ ಅಂಟಿಸಿದ ಚಿತ್ರ ಯಾವುದೂ ಬೇಡ. ಈ ವಸ್ತುಗಳೇ ವಿಜ್ಞಾನ ಹೇಳುತ್ತವೆ.

ಮುದ್ದೆಗೆ ಒಂದೇ ಬಣ್ಣದ 20 ಕಾಗದದ ಉಂಗುರಗಳ ಸರಪಳಿ. ಒಂದು ಉಂಗುರ ಒಂದು ಗ್ಲೂಕೋಸ್. ಕಾಳಿಗೆ ಮೂರು ಬಣ್ಣ ಬೆರೆತ 16 ಉಂಗುರಗಳ ಸರಪಳಿ, ಅವು ಅಮೈನೋ ಆಮ್ಲಗಳು. ಒಂದು ಎ4 ಹಾಳೆಯಲ್ಲಿ 2 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ 28 ಪಟ್ಟಿಗಳು ಸಿಗುತ್ತವೆ. ನಾಟಕ ಎರಡು ಸಲ ಆಗುವುದರಿಂದ 72 ಪಟ್ಟಿ ಬೇಕು, ಲೆಕ್ಕಕ್ಕೆ 3 ಹಾಳೆ. ಕಾಳಿಗಾಗಿ ಒಂದು ಹಾಳೆಗೆ ಬಣ್ಣ ಹಚ್ಚಿಕೊಳ್ಳಿ. ಉಂಗುರಗಳನ್ನು ಮೈದಾ ಗೋಂದಿನಲ್ಲೇ ಅಂಟಿಸಿ, ಸ್ಟೇಪ್ಲರ್ ಬೇಡ. ಹರಿಯುವಾಗ ಪಿನ್ನು ಬೆರಳಿಗೆ ಚುಚ್ಚುತ್ತದೆ.

ತುಪ್ಪಕ್ಕೆ 12 ಹಳದಿ ಕಾಗದದ ಚೂರುಗಳನ್ನು ಒತ್ತಾಗಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಉಂಡೆ. ರಬ್ಬರ್ ಬ್ಯಾಂಡ್ ಇಲ್ಲಿ ಮುಖ್ಯ. ಪಿತ್ತರಸ ಮಾಡುವ ಕೆಲಸ ಆ ಬ್ಯಾಂಡ್ ಬಿಚ್ಚುವುದಷ್ಟೇ: ದೊಡ್ಡ ಕೊಬ್ಬಿನ ಹನಿಯನ್ನು ಸಣ್ಣ ಹನಿಗಳಾಗಿ ಚದುರಿಸುತ್ತದೆ, ಕೊಬ್ಬನ್ನು ಜೀರ್ಣಿಸುವ ಕಿಣ್ವ ಅದರಲ್ಲಿಲ್ಲ. "ಪಿತ್ತರಸ ಕೊಬ್ಬನ್ನು ಜೀರ್ಣಿಸುತ್ತದೆ" ಎಂದು ಉತ್ತರ ಪತ್ರಿಕೆಯಲ್ಲಿ ಬರೆಯುವ ತಪ್ಪು ಈ ಒಂದು ಬ್ಯಾಂಡಿನಿಂದ ಹೋಗುತ್ತದೆ. ಚದುರಿದ ಒಂದೊಂದು ಚೂರನ್ನೂ ಹರಿಯುವುದು ಆಮೇಲಿನ ಕೆಲಸ, ಅದು ಮೇದೋಜೀರಕ ಗ್ರಂಥಿಯದು (ಪ್ಯಾಂಕ್ರಿಯಾಸ್).

ನಾರಿಗೆ ಒಂದು ಮಾರು ಸೆಣಬಿನ ಹುರಿ. ಎಷ್ಟು ಎಳೆದರೂ ಕೈಯಲ್ಲಿ ಹರಿಯಬಾರದು.

ಕಿಣ್ವಗಳಿಗೆ ರಟ್ಟಿನಲ್ಲಿ ಕತ್ತರಿಸಿದ ಕತ್ತರಿ ಆಕಾರಗಳು: ಪಿಷ್ಟಕ್ಕೆ ಕೆಂಪು, ಪ್ರೋಟೀನಿಗೆ ನೀಲಿ, ಕೊಬ್ಬಿಗೆ ಹಳದಿ. ಜೊಲ್ಲಿನ ಕೈಯಲ್ಲಿ ಕೆಂಪು ಮಾತ್ರ. ಜಠರದ ಕೈಯಲ್ಲಿ ನೀಲಿ. ಮೇದೋಜೀರಕ ಗ್ರಂಥಿಯ ಕೈಯಲ್ಲಿ ಮೂರೂ. ಪಿತ್ತಜನಕಾಂಗಕ್ಕೆ ಒಂದೂ ಇಲ್ಲ. ಆ ಬಣ್ಣದ ಕತ್ತರಿ ಇರುವವನಿಗೆ ಮಾತ್ರ ಆ ಸರಪಳಿಯನ್ನು ಕೈಯಿಂದ ಹರಿಯುವ ಹಕ್ಕು, ಇಷ್ಟೇ ನಿಯಮ. ನಿಜವಾದ ಕತ್ತರಿ ಕೊಟ್ಟು ಮಕ್ಕಳನ್ನು ಓಡಾಡಿಸಬೇಡಿ.

ಇನ್ನು ಸಣ್ಣ ಕರುಳು. ಅದಕ್ಕೆ ಒಂದು ಸೀರೆ. 6 ಗಜದ ಮಾಮೂಲಿ ಸೀರೆ ಸುಮಾರು 5.5 ಮೀಟರ್ ಬರುತ್ತದೆ, ಸಾಲದು. 9 ಗಜದ ಕಚ್ಚೆ ಸೀರೆ 8 ಮೀಟರ್ ಚಿಲ್ಲರೆ. ಪಠ್ಯದಲ್ಲಿ ಸಣ್ಣ ಕರುಳಿನ ಉದ್ದ 7.5 ಮೀಟರ್ ಎಂದಿದ್ದರೆ ಒಂದು ತುದಿಯಲ್ಲಿ ಸ್ವಲ್ಪ ಮಡಿಸಿಕೊಳ್ಳಿ. ಯಾವುದಾದರೂ ಮಗುವಿನ ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದ್ದೊಂದು ಸಿಗುತ್ತದೆ. ಸಿಗದಿದ್ದರೆ 6 ಗಜದ ಸೀರೆಗೆ ಒಂದು ಪಂಚೆ ಗಂಟು ಹಾಕಿ. ಮಕ್ಕಳೇ ಅಳೆಯಲಿ, ಮೊದಲೇ ಅಳೆದು ತರಬೇಡಿ. 20 ಅಡಿ ಉದ್ದದ ಕೋಣೆ ಸುಮಾರು 6 ಮೀಟರ್. ಸೀರೆಯನ್ನು ನೆಟ್ಟಗೆ ಹಿಡಿದರೆ ಗೋಡೆಗೆ ತಗಲುತ್ತದೆ, ಹಾವಿನಂತೆ ಸುತ್ತಿಸಿಯೇ ಹಿಡಿಯಬೇಕು. ಕರುಳು ಹೊಟ್ಟೆಯೊಳಗೆ ಏಕೆ ಸುತ್ತಿಕೊಂಡಿದೆ ಎಂದು ಆಮೇಲೆ ಯಾರಿಗೂ ಹೇಳಿಕೊಡಬೇಕಾಗುವುದಿಲ್ಲ.

ಸೀರೆಯನ್ನು ಕೊಳವೆಯಂತೆ ಸುತ್ತುವ ಆಸೆ ಬರುತ್ತದೆ. ಬೇಡ, ಒಳಗೆ ಹೋದ ಮಗು ಕಾಣುವುದಿಲ್ಲ, ಉಸಿರೂ ಕಟ್ಟುತ್ತದೆ. ಸೀರೆಯನ್ನು ಕರುಳಿನ ಗೋಡೆ ಎಂದುಕೊಳ್ಳಿ. ಆರು ಮಕ್ಕಳು ಅದರ ಹಿಂದೆ ನಿಂತು ಅಂಚನ್ನು ಎದೆಮಟ್ಟಕ್ಕೆ ಹಿಡಿಯುತ್ತಾರೆ. ಮುಂದಿನ ಬದಿಯಲ್ಲಿ ಆಹಾರ ನಡೆಯುತ್ತದೆ. ಹಿಂದಿನ ಬದಿ ರಕ್ತ, ಅಲ್ಲೊಂದು ಬುಟ್ಟಿ. ಸೀರೆಯ ಮೇಲಿಂದ ಚಾಚಿದ ಬೆರಳುಗಳು ವಿಲ್ಲೈಗಳು, ಅಂದರೆ ಕರುಳಿನ ಒಳಗೋಡೆಯಲ್ಲಿರುವ ಬೆರಳಿನಂಥ ಚಾಚುಗಳು. ಬಿಡಿ ಉಂಗುರ ಬಂದರೆ ಎತ್ತಿ ಹಿಂದಿನ ಬುಟ್ಟಿಗೆ ಹಾಕುತ್ತವೆ. ಮೂರು ನಾಲ್ಕು ಉಂಗುರ ಇನ್ನೂ ಜೋಡಿಸಿಕೊಂಡಿದ್ದರೆ ಮುಟ್ಟುವುದಿಲ್ಲ. ಎರಡೇ ಉಳಿದಿದ್ದರೆ ಆ ಬೆರಳುಗಳೇ ಹರಿದು ತೆಗೆದುಕೊಳ್ಳಬಹುದು, ಏಕೆಂದರೆ ಕೊನೆಯ ಆ ತುಂಡು ಮಾಡುವ ಕಿಣ್ವಗಳು ಕರುಳಿನ ಗೋಡೆಯಲ್ಲೇ ಇವೆ.

3. ಪಾತ್ರ ಹಂಚಿಕೆ

32 ಮಕ್ಕಳಿಗೆ: ಪ್ರಯಾಣಿಕರು 4, ಹಲ್ಲು 6 (ಮೂರು ಮೂರರ ಎರಡು ಸಾಲು), ಜೊಲ್ಲು 2, ಅನ್ನನಾಳ 4, ಜಠರ 5, ಪಿತ್ತಜನಕಾಂಗ 1, ಮೇದೋಜೀರಕ ಗ್ರಂಥಿ 1, ಸಣ್ಣ ಕರುಳು 6, ದೊಡ್ಡ ಕರುಳು 2, ಸೂತ್ರಧಾರ 1.

ಇದರಲ್ಲಿ ಒಂದು ದೊಡ್ಡ ತೊಡಕಿದೆ. ಹಲ್ಲಾಗಿ ನಿಂತ ಮಗು ಮೊದಲ ಒಂದೂವರೆ ನಿಮಿಷ ಕಟಕಟ ಅಂದು ಆಮೇಲೆ ಸುಮ್ಮನೆ ನಿಲ್ಲುತ್ತದೆ, ಕರುಳಿನ ಕಡೆ ತಿರುಗಿಯೂ ನೋಡುವುದಿಲ್ಲ. ಕೊನೆಗೆ ಅದಕ್ಕೆ ಗೊತ್ತಿರುವುದು ಹಲ್ಲು ಮಾತ್ರ. ಅದಕ್ಕೇ ನಾಟಕ ಎರಡು ಸಲ ಆಗಬೇಕು. ಎರಡನೇ ಸಲ ಹಲ್ಲು, ಜೊಲ್ಲು, ಅನ್ನನಾಳ, ಜಠರದ 17 ಮಂದಿಯಲ್ಲಿ 15 ಮಂದಿ ಕೆಳಗಿನ ಅಂಗಗಳಿಗೂ ಪ್ರಯಾಣಿಕರ, ಸೂತ್ರಧಾರನ ಜಾಗಕ್ಕೂ ಬರುತ್ತಾರೆ, ಅಲ್ಲಿದ್ದ 15 ಮಂದಿ ಮೇಲೆ ಹೋಗುತ್ತಾರೆ. ಜಠರದ ಇಬ್ಬರು ಮಾತ್ರ ಇದ್ದಲ್ಲೇ ಉಳಿಯುತ್ತಾರೆ. ಎರಡನೇ ಸಲ ಮುದ್ದೆಯ ಬದಲು ಚೆನ್ನಾಗಿ ಅಗಿದ ಅನ್ನ ಬರಲಿ. ಆಗ ಜೊಲ್ಲು ಸರಪಳಿಯನ್ನು ಎರಡು ಕಡೆ ಹರಿಯುತ್ತದೆ, ಮಿಕ್ಕದ್ದು ಅದೇ ದಾರಿ. ಎರಡರ ನಡುವಿನ ವ್ಯತ್ಯಾಸ ಎಷ್ಟು ಚಿಕ್ಕದು ಎಂಬುದೇ ಗಂಟಿಗೆ ಉತ್ತರ.

ಪಾತ್ರ ಕೊಡುವಾಗ ನಮ್ಮ ಊರುಗಳಲ್ಲಿ ಆಗುವ ಕೆಲವು ಅನ್ಯಾಯಗಳಿವೆ. ದಪ್ಪಗಿರುವ ಮಗುವಿಗೆ ತುಪ್ಪದ ಪಾತ್ರ ಹೋಗುತ್ತದೆ, ಎಲ್ಲರೂ ನಗುತ್ತಾರೆ, ಆ ಹೆಸರು ವರ್ಷವಿಡೀ ಅಂಟಿಕೊಳ್ಳುತ್ತದೆ. ಸಾಮಾಜಿಕ ನಾಟಕಗಳಲ್ಲಿ ಕಸ ಗುಡಿಸುವ ಪಾತ್ರ ಯಾವ ಕೇರಿಯ ಮಗುವಿಗೆ ಹೋಗುತ್ತದೆ, ಗೌಡರ ಪಾತ್ರ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗಿಯರಿಗೆ ಅಮ್ಮ, ಹುಡುಗರಿಗೆ ಡಾಕ್ಟರ್ ಎಂಬುದೂ ಹಾಗೆಯೇ. ಚೀಟಿ ಎತ್ತಿಸಿ. ಎರಡನೇ ಸಲ ಅದಲು ಬದಲು ಆಗುವುದು ಮೊದಲೇ ಗೊತ್ತಿದ್ದರೆ ದೊಡ್ಡ ಕರುಳಿನ ಚೀಟಿ ಬಂದವರೂ ಗೊಣಗುವುದಿಲ್ಲ.

ಮಾತಾಡಲು ಅಂಜುವ ಮಗುವನ್ನು ಅನ್ನನಾಳಕ್ಕೆ ಹಾಕಬಹುದು, ಅದಕ್ಕೆ ಮಾತೇ ಇಲ್ಲ. ಮೊದಲ ಸಲ ಮಾತ್ರ. ಎರಡನೇ ಸಲ ಒಂದು ಸಾಲಾದರೂ ಇರಲಿ.

4. ಮಾತು ಕಟ್ಟುವುದು

ಮೇಷ್ಟ್ರು ಮನೆಯಲ್ಲಿ ಕೂತು ಬರೆದು ತಂದ ಮಾತು ಮಕ್ಕಳ ಬಾಯಲ್ಲಿ ಕೂರುವುದಿಲ್ಲ. ತರಗತಿಯನ್ನು 8 ಮಂದಿಯ ನಾಲ್ಕು ಗುಂಪು ಮಾಡಿ, ಒಂದಕ್ಕೆ ಬಾಯಿ, ಒಂದಕ್ಕೆ ಜಠರ, ಒಂದಕ್ಕೆ ಸಣ್ಣ ಕರುಳು, ಒಂದಕ್ಕೆ ದೊಡ್ಡ ಕರುಳು ಕೊಡಿ. ಪಠ್ಯಪುಸ್ತಕ ತೆರೆದಿರಲಿ. "ಆಹಾರ ಬಂದು ಬಾಗಿಲು ತಟ್ಟಿತು. ನೀವು ಏನಂತೀರಿ? ನಿಮ್ಮ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ?" ಎಂದಷ್ಟೇ ಕೇಳಿ, 8 ನಿಮಿಷ ಬಿಡಿ. ಅವರು ಆಡಿ ತೋರಿಸಿದ್ದನ್ನು ಬರೆದುಕೊಂಡು, ವಿಜ್ಞಾನದ ತಪ್ಪು ತಿದ್ದಿ, ಸಂಜೆ ಜೋಡಿಸಿದರೆ ನಾಟಕದ ಪ್ರತಿ ಸಿದ್ಧ.

ಅಳತೆಗೆ: ಮಕ್ಕಳು ಓಡಾಡುತ್ತ ಮಾತಾಡಿದರೆ ನಿಮಿಷಕ್ಕೆ 8ರಿಂದ 10 ಮಾತು ಸಾಗುತ್ತದೆ. 8 ನಿಮಿಷಕ್ಕೆ 65ರಿಂದ 70 ಮಾತು ಸಾಕು. ಒಂದು ಮಾತು 8 ಪದ ದಾಟಬಾರದು, ದಾಟಿದರೆ ಇಬ್ಬರಿಗೆ ಹಂಚಿ. ಭಾಷೆ ಮನೆಯದೇ ಇರಲಿ. ಆದರೆ ಅಂಗ, ರಸ, ಕಿಣ್ವಗಳ ಹೆಸರು ಪುಸ್ತಕದಲ್ಲಿರುವಂತೆಯೇ ಬರಬೇಕು, ಪರೀಕ್ಷೆಯಲ್ಲಿ ಬರೆಯಬೇಕಾದ್ದು ಅದನ್ನೇ.

ಬಾಯಿಯ ದೃಶ್ಯ ಮಂಡ್ಯದ ಕಡೆಯ ಮಾತಿನಲ್ಲಿ ಹೀಗೆ ಬಂದೀತು:

ಹಲ್ಲು: ನಿಲ್ಲಪ್ಪಾ ನಿಲ್ಲು! ಅಗೀದೆ ಒಳಕ್ಕೆ ಬಿಡಕ್ಕಿಲ್ಲ.
ಮುದ್ದೆ: ನಾನೇನು ಚಕ್ಲಿನಾ? ಮುದ್ದೆ ಅಗಿದೋರ್ನ ಕಂಡ್ರೆ ನಗ್ತಾರೆ.
ಕಾಳು: ನನ್ನ ಅಗೀರಿ. ಇಲ್ದಿದ್ರೆ ಹಂಗೇ ಈಚೆಗೆ ಬತ್ತೀನಿ.
ಜೊಲ್ಲು: (ಕೆಂಪು ಕತ್ತರಿ ಹುಡುಕುತ್ತ) ತಡೀ ತಡೀ, ಕತ್ರಿ ತಕ್ಕೊಂಡೆ!
ಮುದ್ದೆ: ಗುಳುಕ್! (ಅನ್ನನಾಳದೊಳಕ್ಕೆ)
ಜೊಲ್ಲು: ಅಯ್ಯೋ, ಹೊಂಟೇ ಹೋದ್ಯಲ್ಲೋ!

ಅನ್ನನಾಳದ ನಾಲ್ವರು ಇಬ್ಬಿಬ್ಬರಂತೆ ಎದುರುಬದುರು ನಿಂತು ಕೈ ಹಿಡಿದಿರುತ್ತಾರೆ. ಆಹಾರ ಒಂದು ಜೋಡಿಯನ್ನು ದಾಟಿದ ಮೇಲೆ ಆ ಜೋಡಿ ಹತ್ತಿರ ಬಂದು ಹಿಂದಿನಿಂದ ಒತ್ತಬೇಕು. ಮಕ್ಕಳು ಯಾವಾಗಲೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ: ಮುಂದಿನವರು ಕೈ ಹಿಡಿದು ಎಳೆಯುತ್ತಾರೆ. ತಿದ್ದಿ. ಅನ್ನನಾಳ ಎಳೆಯುವುದಿಲ್ಲ, ಹಿಂದಿನಿಂದ ಹಿಂಡುತ್ತದೆ.

ಜಠರದಲ್ಲಿ ಐದು ಮಂದಿ ವೃತ್ತ ನಿಂತು ಪ್ರಯಾಣಿಕರನ್ನು ಸುತ್ತಿಸುತ್ತಾರೆ.

ಜಠರ: ಕಾಳು, ಮುಂದಕ್ಕೆ ಬಾ. ನೀಲಿ ಕತ್ರಿ ನನ್ನದು. (ಸರಪಳಿಯನ್ನು ನಾಲ್ಕು ತುಂಡು ಮಾಡುತ್ತದೆ)
ಮುದ್ದೆ: ನಂದು?
ಜಠರ: ನಿನ್ನ ಕತ್ರಿ ನನ್ನತ್ರ ಇಲ್ಲ. ಕಲಸಿ ಕಳಿಸ್ತೀನಿ, ಅಷ್ಟೇ.
ಮುದ್ದೆ: ಬಾಯಲ್ಲೂ ಇಲ್ಲ, ಇಲ್ಲೂ ಇಲ್ಲ. ಹಿಂಗೇ ಈಚೆಗೆ ಹೋಗ್ಬೇಕಾ?

ಇಲ್ಲಿ ನಾಟಕ ನಿಲ್ಲಬೇಕು. ಎಲ್ಲರೂ ಇದ್ದಲ್ಲೇ ಕಲ್ಲಾಗುತ್ತಾರೆ. ಸೂತ್ರಧಾರ ತರಗತಿಯನ್ನೇ ಕೇಳುತ್ತಾನೆ: "ಏನು ಮಾಡೋಣ?" 20 ಸೆಕೆಂಡ್ ಕಾಯಿರಿ. ಯಾರಾದರೂ ಮೇದೋಜೀರಕ ಗ್ರಂಥಿಯ ಕೈಯಲ್ಲಿರುವ ಕೆಂಪು ಕತ್ತರಿಯತ್ತ ಬೆರಳು ತೋರಿಸುತ್ತಾರೆ. ಆಗ ಮುಂದುವರಿಸಿ. ಈ 20 ಸೆಕೆಂಡನ್ನು ಹಾಳು ಮಾಡುವವರು ಸಾಮಾನ್ಯವಾಗಿ ಮೇಷ್ಟ್ರೇ, ತಡೆಯಲಾರದೆ ಉತ್ತರ ಹೇಳಿಬಿಡುತ್ತಾರೆ.

ಸಣ್ಣ ಕರುಳಿನ ಬಾಗಿಲಲ್ಲಿ ಪಿತ್ತಜನಕಾಂಗ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಮೇದೋಜೀರಕ ಗ್ರಂಥಿ ಮೂರೂ ಕತ್ತರಿ ಎತ್ತಿ ತೋರಿಸಿ ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳುತ್ತದೆ. ಬೆರಳುಗಳು ಕೂಗುತ್ತವೆ: "ಜೋಡಿ ಇದ್ದೋರು ನಿಂತ್ಕಳಿ, ಒಂಟಿ ಉಂಗುರ ಮಾತ್ರ ಒಳಕ್ಕೆ!" ಮುದ್ದೆ, ಕಾಳು, ತುಪ್ಪ ಕೈ ಖಾಲಿ ಮಾಡಿಕೊಂಡು ಕೂರುತ್ತಾರೆ. ಉಳಿದವನು ನಾರು.

ನಾರು: ಎಲ್ರೂ ಹೋದ್ರು. ನನ್ನ ಯಾರೂ ಮುಟ್ನಿಲ್ವಲ್ಲ!
ದೊಡ್ಡ ಕರುಳು: ಬಾರಪ್ಪ. ನೀನಿಲ್ದಿದ್ರೆ ಬೆಳಿಗ್ಗೆ ನನ್ ಕೆಲ್ಸ ನಡೆಯಲ್ಲ.

ಇಲ್ಲಿ ನಗು ಬಂದೇ ಬರುತ್ತದೆ. ಬರಲಿ. ನಗು ನಿಂತ ಮೇಲೆ ದೊಡ್ಡ ಕರುಳಿನ ಎರಡನೇ ಮಗು ನೀರು ಹೀರಿಕೊಳ್ಳುವ ಮಾತು ಹೇಳಬೇಕು. ನಗುವಿನ ನಡುವೆ ಹೇಳಿದರೆ ಅದು ಯಾರಿಗೂ ಕೇಳಿಸುವುದಿಲ್ಲ.

5. ನಾಲ್ಕು ಪಿರಿಯಡ್‌ಗಳ ಹಂಚಿಕೆ

ಮೊದಲ ಪಿರಿಯಡ್: ಚೀಟಿ ಪ್ರಶ್ನೆ 10 ನಿಮಿಷ, ಪಾಠ ಓದುವುದು 20 ನಿಮಿಷ, ಮುದ್ದೆಯ ಪ್ರಶ್ನೆ ಎಸೆದು ಅಷ್ಟಕ್ಕೇ ಬಿಡುವುದು. ಎರಡನೆಯದು ಗುಂಪುಗಳು ಮಾತು ಕಟ್ಟುವುದಕ್ಕೆ. ಮೂರನೆಯದರಲ್ಲಿ ಉಂಗುರ ಅಂಟಿಸುವುದು, ಸೀರೆ ಅಳೆಯುವುದು, ಪ್ರತಿ ಹಿಡಿದುಕೊಂಡೇ ಒಂದು ಸಲ ನಡೆದು ನೋಡುವುದು. ನಾಲ್ಕನೆಯದು: ಮೊದಲ ಆಟ 8 ನಿಮಿಷ, ಜಾಗ ಬದಲಿಗೆ 4, ಎರಡನೇ ಆಟ 8, ಚರ್ಚೆ 15, ಬರೆಯಲು 5.

ಬಾಯಿಪಾಠ ಬೇಡ. ಮುಂದೆ ಯಾರು ಬರುತ್ತಾರೆ, ತಾನು ಏನು ಮಾಡಬೇಕು ಎಂದು ಗೊತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಮರೆತವನಿಗೆ ಸಾಲು ಕೂಗಿ ಹೇಳಬೇಡಿ, "ನಿನ್ನ ಕೈಲಿ ಯಾವ ಕತ್ತರಿ ಇದೆ?" ಎಂದು ಕೇಳಿ. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು ಎಂಬ ನಿಯಮವನ್ನು ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ. ಇಲ್ಲಿ ಅವರು ಒಬ್ಬರನ್ನೊಬ್ಬರು ನೋಡಿ ಮಾತಾಡಬೇಕು.

ಗದ್ದಲ ಆಗುತ್ತದೆ, ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೂರನೇ, ನಾಲ್ಕನೇ ಪಿರಿಯಡ್‌ಗಳನ್ನು ಅಂಗಳಕ್ಕೋ ಮರದ ನೆರಳಿಗೋ ಒಯ್ಯಿರಿ, ಕೋಣೆಯ ಅಳತೆಯನ್ನು ಸುಣ್ಣದಲ್ಲಿ ಗೆರೆ ಎಳೆದು ಗುರುತಿಸಿ. ಇಲ್ಲದಿದ್ದರೆ ಸೀರೆ ನೆಟ್ಟಗಾಗಿಬಿಡುತ್ತದೆ. ನಿಲ್ಲಿಸುವ ಸೂಚನೆ ಒಂದೇ ಇರಲಿ: ಮೂರು ಚಪ್ಪಾಳೆ, ಅಥವಾ ಕಂಜರದ ಮೂರು ಪೆಟ್ಟು. ಅದನ್ನು ಮೊದಲ ದಿನವೇ ಐದಾರು ಸಲ ಆಟದಂತೆ ಅಭ್ಯಾಸ ಮಾಡಿಸಿ. ಸದ್ದು ಏರಿದ ಮೇಲೆ "ಸೈಲೆನ್ಸ್" ಎಂದು ಕಿರುಚಿದರೆ ಸದ್ದಿಗೆ ಇನ್ನೊಂದು ಸದ್ದು ಸೇರುತ್ತದೆ, ಅಷ್ಟೇ.

6. ನಾಟಕದಲ್ಲಿ ಸುಳ್ಳು ಯಾವುದು?

ಆಟ ಮುಗಿದ ಕೂಡಲೇ ಗಂಟೆ ಹೊಡೆದು ಮಕ್ಕಳು ಚದುರಿದರೆ ನಾಲ್ಕು ಪಿರಿಯಡ್ ನೀರಿಗೆ ಬಿದ್ದಂತೆ. ನಾಟಕ ಒಂದನ್ನು ಸರಿಯಾಗಿ ತೋರಿಸಲು ಹತ್ತನ್ನು ತಪ್ಪಾಗಿ ತೋರಿಸುತ್ತದೆ, ಆ ತಪ್ಪುಗಳು ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತವೆ. ಜಠರದ ಆಮ್ಲವನ್ನು ಹುಡುಗರು ಸಿನಿಮಾದ ಖಳನಂತೆ ಆಡಿದರೆ, ಆಮ್ಲ ಕೆಟ್ಟದ್ದು ಎಂಬ ತಿಳಿವಳಿಕೆ ಹತ್ತನೇ ತರಗತಿಯವರೆಗೂ ಬರುತ್ತದೆ. ಪ್ರೋಟೀನ್ ಒಡೆಯುವ ಕಿಣ್ವ ಕೆಲಸ ಮಾಡಬೇಕಾದರೆ ಆ ಆಮ್ಲ ಬೇಕೇ ಬೇಕು.

ಹಾಗಾಗಿ ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿ. ಕೈಯಲ್ಲಿರುವ ಕತ್ತರಿ, ಹುರಿ ಎಲ್ಲವನ್ನೂ ನಡುವೆ ಇಡಿಸಿ, ಅಲ್ಲಿಗೆ ಪಾತ್ರ ಮುಗಿಯಿತು. ಒಂದೇ ಪ್ರಶ್ನೆ: "ನಮ್ಮ ನಾಟಕದಲ್ಲಿ ಸುಳ್ಳು ಯಾವುದು?" ಗುಂಪಿಗೆ ಮೂರು ಸುಳ್ಳು ಹಿಡಿಯಬೇಕು. ಸಾಮಾನ್ಯವಾಗಿ ಸಿಗುವವು: ಆಹಾರ ಹೀಗೆ ಸಾಲಾಗಿ ನಡೆಯುವುದಿಲ್ಲ, ಕಲಸಿದ ಗಂಜಿಯಂತೆ ಹೋಗುತ್ತದೆ. ವಿಲ್ಲೈಗಳು ಕೈಯಲ್ಲ, ಅವು ಏನನ್ನೂ ಹಿಡಿದೆಳೆಯುವುದಿಲ್ಲ. ನಿಜವಾದ ಸರಪಳಿಯಲ್ಲಿ 20 ಅಲ್ಲ, ನೂರಾರು, ಸಾವಿರಾರು ಉಂಗುರಗಳು. ಮುದ್ದೆಯಲ್ಲಿ ಪಿಷ್ಟ ಮಾತ್ರ ಇರುವುದಿಲ್ಲ. ಇಡೀ ಪ್ರಯಾಣಕ್ಕೆ 8 ನಿಮಿಷವಲ್ಲ, ಜಠರದಲ್ಲೇ ಕೆಲವು ಗಂಟೆ, ಹೊರಬರಲು ಒಂದು ದಿನ ಅಥವಾ ಹೆಚ್ಚು.

ಚುರುಕಾದ ಗುಂಪು ಇನ್ನೂ ಒಳಗೆ ಹೋಗುತ್ತದೆ. ಮುದ್ದೆಗೆ ಜೊಲ್ಲು ಸ್ವಲ್ಪವೂ ತಾಗಲಿಲ್ಲ ಎಂಬುದೂ ಸುಳ್ಳೇ, ಹೊರಮೈಗೆ ತಾಗುತ್ತದೆ. ಜಠರದ ಆಮ್ಲ ಬೆರೆತ ಮೇಲೆ ಜೊಲ್ಲಿನ ಕಿಣ್ವದ ಕೆಲಸ ನಿಲ್ಲುತ್ತದೆ. ತುಪ್ಪದ ಬಹುಪಾಲು ನೇರವಾಗಿ ರಕ್ತಕ್ಕೆ ಹೋಗುವುದಿಲ್ಲ, ಮೊದಲು ದುಗ್ಧರಸದ (ಲಿಂಫ್) ನಾಳ ಸೇರುತ್ತದೆ. ನಾರನ್ನು ಯಾರೂ ಮುಟ್ಟಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಸ್ವಲ್ಪ ಭಾಗವನ್ನು ಒಡೆಯುತ್ತವೆ. ಇಷ್ಟನ್ನು 7ನೇ ತರಗತಿಯ ಎಲ್ಲರಿಂದಲೂ ನಿರೀಕ್ಷಿಸಬೇಕಿಲ್ಲ. ಕೇಳಿದರೆ ಉತ್ತರ ನಿಮ್ಮ ಬಳಿ ಇರಲಿ.

7. ಎಫ್‌ಎ ಅಂಕ

ಇದನ್ನು ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆಯಾಗಿ ತೋರಿಸಬಹುದು. ಆದರೆ ಅಭಿನಯಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಗಟ್ಟಿಗಂಟಲಿನ ನಾಲ್ವರು ಅಂಕ ಒಯ್ಯುತ್ತಾರೆ, ಸೀರೆ ಹಿಡಿದವರಿಗೆ ಏನೂ ಉಳಿಯುವುದಿಲ್ಲ. 10 ಅಂಕಕ್ಕಿಟ್ಟರೆ: ತಾನು ಎರಡು ಸಲ ಮಾಡಿದ ಪಾತ್ರಗಳ ಕೆಲಸವನ್ನು ಪುಸ್ತಕದ ಪದಗಳಲ್ಲಿ ಬರೆಯುವುದಕ್ಕೆ 4, ತಾನು ಮಾಡದ ಒಂದು ಅಂಗದ ಕೆಲಸಕ್ಕೆ 3, ಹಿಡಿದ ಒಂದು ಸುಳ್ಳು ಮತ್ತು ಅದೇಕೆ ಸುಳ್ಳು ಎಂಬುದಕ್ಕೆ 3. ಎಲ್ಲವೂ ಒಬ್ಬೊಬ್ಬರೇ ಬರೆದದ್ದು. ಪಿರಿಯಡ್‌ನ ಕೊನೆಯ 5 ನಿಮಿಷದಲ್ಲಿ ಸುಳ್ಳಿನ ಭಾಗ ಬರೆಸಿ, ಮಿಕ್ಕದ್ದನ್ನು ಮರುದಿನ ಬರೆಯಲಿ.

8. ಬೇರೆ ವಿಷಯ, ಬೇರೆ ಅಳತೆ

ಬೆಂಚುಗಳನ್ನು ಸರಿಸಲು ಆಗದ ಪ್ರೌಢಶಾಲೆಯ ಕೋಣೆಗೆ ತಾಳಮದ್ದಳೆಯಷ್ಟು ಹೊಂದುವ ರೂಪ ಬೇರೊಂದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಪಾತ್ರವಾಗಿ ವಾದ ಮಾಡುವುದು. ಇತಿಹಾಸಕ್ಕೆ ಇದೇ ಸರಿ. ಸಹಾಯಕ ಸೈನ್ಯ ಪದ್ಧತಿಯ (ದೇಶೀ ರಾಜರು ಕಂಪನಿಯ ಸೈನ್ಯ ಇರಿಸಿಕೊಂಡು ಅದರ ವೆಚ್ಚ ಹೊರುವ ಒಪ್ಪಂದ) ಪಾಠವಾದರೆ ಒಂದು ಬದಿಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಪ್ರತಿನಿಧಿ, ಇನ್ನೊಂದು ಬದಿಗೆ 1798ರಲ್ಲಿ ಒಪ್ಪಂದಕ್ಕೆ ಬಂದ ಹೈದರಾಬಾದಿನ ನಿಜಾಮರ ಮಂತ್ರಿ. ಒಬ್ಬೊಬ್ಬರಿಗೆ 2 ನಿಮಿಷದಂತೆ ಮೂರು ಸುತ್ತು. ಭಾಗವತರ ಜಾಗದಲ್ಲಿ ಒಬ್ಬ ವಿದ್ಯಾರ್ಥಿ ಪ್ರತಿ ಸುತ್ತಿಗೆ ಮುನ್ನ ಒಪ್ಪಂದದ ಒಂದು ಷರತ್ತನ್ನು ಓದಬೇಕು, ವಾದ ಆ ಷರತ್ತಿನ ಮೇಲೆಯೇ ನಡೆಯಬೇಕು. ಈ ಕಟ್ಟು ಇಲ್ಲದಿದ್ದರೆ ಮಾತು ದೇಶಭಕ್ತಿಯ ಭಾಷಣಕ್ಕೆ ಜಾರುತ್ತದೆ. ನಿಜಾಮ ಏಕೆ ಒಪ್ಪಿದ ಎಂಬ ನಿಜವಾದ ಪ್ರಶ್ನೆ ಆಗ ಕಳೆದುಹೋಗುತ್ತದೆ.

ಬಾಲ್ಯವಿವಾಹದಂಥ ವಿಷಯಕ್ಕೆ ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಆಲ್ ಬೆಳೆಸಿದ ಪದ್ಧತಿ ಚೆನ್ನ. 5 ನಿಮಿಷದ ದೃಶ್ಯ ಕೆಟ್ಟ ಕೊನೆಗೆ ಮುಟ್ಟುತ್ತದೆ. ಎರಡನೇ ಸಲ ಆಡುವಾಗ ನೋಡುವವರಲ್ಲಿ ಯಾರಾದರೂ "ನಿಲ್ಲಿಸಿ" ಎಂದು ಬಂದು ಒಂದು ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಹಿಡಿದು ನೋಡಬಹುದು. ಹುಡುಗಿಯ ಪಾತ್ರದಲ್ಲೋ, ಅಕ್ಕಪಕ್ಕದವರು, ಶಿಕ್ಷಕರ ಪಾತ್ರಗಳಲ್ಲೋ ನಿಲ್ಲಲಿ. ಅಪ್ಪನನ್ನೇ ಬದಲಿಸಿ "ಮದುವೆ ಬೇಡ" ಎನ್ನಿಸಿದರೆ ಕಷ್ಟವೇ ಮಾಯವಾಗಿ ಏನನ್ನೂ ಕಲಿತಂತಾಗುವುದಿಲ್ಲ. ಹುಡುಗಿಗೆ 18, ಹುಡುಗನಿಗೆ 21 ಎಂಬ ಕಾನೂನು, ಮಕ್ಕಳ ಸಹಾಯವಾಣಿ 1098 ಇವು ಆಟದೊಳಗೇ ಬರಲಿ. ತರಗತಿಯಲ್ಲಿ ಯಾವುದಾದರೂ ಮಗುವಿನ ಮನೆಯಲ್ಲಿ ಅದೇ ನಡೆದಿರುವುದು ಗೊತ್ತಿದ್ದರೆ ಈ ನಾಟಕ ಬೇಡ, ಆ ಮಗುವಿನ ಜೊತೆ ಬೇರೆಯಾಗಿ ಕೂತು ಮಾತಾಡಿ.

9 ಮಕ್ಕಳ ಶಾಲೆಯಲ್ಲಿ ಜೀರ್ಣಕ್ರಿಯೆಯ ಆಟ ಆಡಬೇಕಾದರೆ ಹಲ್ಲಿಗೆ ಕುರ್ಚಿಗಳನ್ನಿಡಿ, ಸೀರೆಯನ್ನು ಕಿಟಕಿ ಸರಳಿಗೂ ಮರಕ್ಕೂ ಕಟ್ಟಿ ಇಬ್ಬರೇ ನೋಡಿಕೊಳ್ಳಲಿ, ಸೂತ್ರಧಾರ ನೀವೇ ಆಗಿ. 60 ಮಕ್ಕಳಿದ್ದರೆ ಅರ್ಧ ಮಂದಿ ಆಡುವಾಗ ಉಳಿದರ್ಧ ಸುಳ್ಳು ಹಿಡಿಯುವ ಕೆಲಸ ಮಾಡಲಿ, ಕೈಯಲ್ಲಿ ಹಾಳೆ ಪೆನ್ಸಿಲು ಇರಲಿ.

ಎರಡು ವಾರ ಬಿಟ್ಟು ಮೊದಲ ದಿನದ ಚೀಟಿ ಪ್ರಶ್ನೆಯನ್ನೇ ಮತ್ತೆ ಕೇಳಿ. "ಹೊಟ್ಟೆಯಲ್ಲಿ" ಎಂಬ ಉತ್ತರ ಐದಾರು ಚೀಟಿಗಳಲ್ಲಿ ಇನ್ನೂ ಇದ್ದರೆ ಪಾಠವನ್ನು ಮತ್ತೆ ಶುರು ಮಾಡಬೇಡಿ. ಸೀರೆ ಮತ್ತು ಬುಟ್ಟಿಯನ್ನು ಹೊರತೆಗೆದು, ಬುಟ್ಟಿ ಯಾವ ಅಂಗದ ಹಿಂದೆ ಇತ್ತು ಎಂದು ಕೇಳಿ, ಅವರೇ ಹೋಗಿ ಇಡಲಿ. ಸೆಣಬಿನ ಹುರಿಯನ್ನು ಬಿಸಾಡಬೇಡಿ. ಹಸು ಅದೇ ನಾರನ್ನು ತಿಂದು ಹಾಲು ಕೊಡುವುದು ಹೇಗೆ ಎಂಬ ಮುಂದಿನ ಪಾಠಕ್ಕೆ ಅದು ಬೇಕು, ಆ ಆಟದಲ್ಲಿ ಹುರಿ ಬಿಚ್ಚುವ ಕೆಲಸ ಹಸುವಿನದಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳದು.